ಬೋಣಿಗೆ ಒತ್ತಿದವರು

ಈ ಕೆಲಸಕ್ಕೆ ಸೇರಿದಾಗ ನನಗೆ ಐವತ್ತೆಂಟು. ಒಂಬತ್ತು ವರ್ಷ ಆಯ್ತು. ಆ ವಯಸ್ಸಿಗೆ ಬೇರೆಯವರನ್ನ ಹಾರ ಹಾಕಿ ಮನೆಗೆ ಕಳಿಸ್ತಾರೆ. ನನ್ನ ಕೈಗೆ ಒಂದು ಫೋನು ಕೊಟ್ಟು ಕುರ್ಚಿ ಮೇಲೆ ಕೂರಿಸಿದರು.

ಅದಕ್ಕೂ ಮುಂಚೆ ಅದೇ ಆಫೀಸಿನಲ್ಲಿ ಕಸ ಗುಡಿಸಿ ಟೀ ಕಾಯಿಸ್ತಿದ್ದೆ. ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಕೂಗಳತೆ ದೂರ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಮ್ಮ ಆಫೀಸು. ಅಂಗಡಿಯವರಿಗೆ, ಹೋಂಸ್ಟೇ ಇಟ್ಟವರಿಗೆ ವೆಬ್‌ಸೈಟ್ ಮಾಡಿಕೊಡೋದು ಅಲ್ಲಿಯ ಕಸುಬು. ಯಜಮಾನರು ಕಿರಣ್ ಸಾರ್. ಅವರು ಮಾತಾಡ್ತಿದ್ದರು. ಕೆಲಸ ಮಾಡ್ತಿದ್ದೋಳು ರಮ್ಯ. ದೊಡ್ಡ ಓದು ಓದಿದ ಹುಡುಗಿ, ಆದರೆ ದನಿ ಎತ್ತಿದರೆ ಯಾರಾದರೂ ದಂಡ ಹಾಕ್ತಾರೆ ಅನ್ನೋ ಹಾಗೆ ಇರ್ತಿದ್ದಳು.

ಹೊಸದಾಗಿ ಈ ಕೆಲಸಕ್ಕೆ ಬರೋ ಹುಡುಗ ಹುಡುಗೀರಿಗೆ ಏನು ಕೆಲಸ ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಸಾಹೇಬರು ಹೇಳೋಲ್ಲ. ವೆಬ್‌ಸೈಟ್ ಅಂದ್ರೆ ಫೋನಿನೊಳಗೆ ಇರೋ ಅಂಗಡಿ. ಆ ಅಂಗಡಿಗೆ ಯಾರು ಬಂದ್ರು, ಯಾವುದನ್ನ ನೋಡಿದ್ರು, ಏನು ಒತ್ತಿದ್ರು, ಕೊಂಡ್ರಾ ಬಿಟ್ರಾ ಅಂತ ಎಣಿಸೋಕೆ ಒಂದು ಏರ್ಪಾಡು ಇರ್ತದೆ. ಆ ಎಣಿಕೆ ನೆಟ್ಟಗಿದೆಯಾ ಅಂತ ನೋಡೋದೇ ನಮ್ಮ ಕೆಲಸ. ನಾನು ಫೋನಿನಲ್ಲಿ ಒತ್ತಬೇಕು. ರಮ್ಯ ಕಂಪ್ಯೂಟರ್ ಮುಂದೆ ಕೂತು "ಬಂತು ಅಜ್ಜಿ" ಅನ್ನಬೇಕು, ಇಲ್ಲ "ಬರಲಿಲ್ಲ ಅಜ್ಜಿ" ಅನ್ನಬೇಕು. ಅಷ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ಉದ್ದನೆ ಹೆಸರಿದೆ. ಹೆಸರು ಉದ್ದ ಆದಷ್ಟೂ ಕೆಲಸ ಗಿಡ್ಡ ಅಂತ ತಿಳ್ಕೊಳಿ.

ನನ್ನನ್ನೇ ಯಾಕೆ ಕೂರಿಸಿದರು ಅಂದ್ರೆ, ಏನೂ ತಿಳಿಯದವರ ಕೈಲಿ ಒತ್ತಿಸಿ ನೋಡಬೇಕು ಅಂತ ಕಿರಣ್ ಸಾರ್ ಎಲ್ಲೋ ಓದಿದ್ದರಂತೆ. ಆಫೀಸಿನಲ್ಲಿ ವಿಚಾರಿಸಿದರು. ನಾನು ದಡ್ಡ ಅಂತ ಒಪ್ಪಿಕೊಳ್ಳೋರು ಒಬ್ಬರೂ ಸಿಗಲಿಲ್ಲ. ಅಷ್ಟರಲ್ಲಿ ನಾನು ಟೀ ತಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋಳು. ಕನ್ನಡವನ್ನ ಕೂಡಿಸಿ ಕೂಡಿಸಿ ಓದ್ತೀನಿ, ಇಂಗ್ಲಿಷು ನನಗೆ ಕೋಳಿ ಕೆದಕಿದ ಮಣ್ಣು. ದಡ್ಡತನಕ್ಕೆ ಸಂಬಳ ಕೊಡ್ತೀವಿ ಅಂದ್ರೆ ಯಾಕೆ ಬೇಡ ಅನ್ನಲಿ? ಅಲ್ಲೀವರೆಗೂ ಬುದ್ಧಿಗೆ ಯಾರೂ ಕೊಟ್ಟಿರಲಿಲ್ಲ.

ಮೊದಮೊದಲು ನನ್ನ ಒತ್ತಾಟವೆಲ್ಲ ಗಿರಾಕಿಗಳ ಲೆಕ್ಕಕ್ಕೇ ಸೇರಿಹೋಗ್ತಿತ್ತು. ಬೇಲೂರಿನ ಒಂದು ಲಾಡ್ಜಿನವರು ಸಿಹಿ ಹಂಚಿಬಿಟ್ಟರು, ನಮ್ಮ ಕೋಣೆಗಳನ್ನ ಇಷ್ಟು ಜನ ನೋಡ್ತಾವ್ರೆ ಅಂತ. ನೋಡಿದೋಳು ನಾನೊಬ್ಬಳೇ. ಆಮೇಲೆ ರಮ್ಯ ನಮ್ಮ ಆಫೀಸಿನಿಂದ ಒತ್ತಿದ್ದು ಅವಳ ಪರದೆಗೆ ಮಾತ್ರ ಕಂಡು, ಗಿರಾಕಿಗಳ ಲೆಕ್ಕಕ್ಕೆ ಬರದ ಹಾಗೆ ಕಟ್ಟು ಹಾಕಿದಳು. ಮನೆಯವರು ಪಂಕ್ತಿಯಲ್ಲಿ ಕೂತರೆ ನೆಂಟರ ಎಣಿಕೆ ತಪ್ಪುತ್ತದಲ್ಲ, ಹಾಗೆ. ಈ ಮಾತು ನೆನಪಿಟ್ಟುಕೊಳಿ, ಮುಂದೆ ಬೇಕಾಗ್ತದೆ.

ಬಿಕ್ಕೋಡಿನ ಗೌಡರ ಕತೆ ಹೇಳಬೇಕು. ಕಾಫಿ ತೋಟದ ಪಕ್ಕ ಹೋಂಸ್ಟೇ ಇಟ್ಟಿದ್ದರು. ಒಂದು ದಿನ ಅವರ ವೆಬ್‌ಸೈಟಿನಲ್ಲಿ ಒಟ್ಟಿಗೆ ಐದು ಸಂಸಾರ ಬರ್ತೀವಿ ಅಂತ ಒತ್ತಿದ್ದು ಕಾಣಿಸ್ತು. ಗೌಡರು ಕೋಳಿ ಕುಯ್ಸಿದರು, ಕಡುಬು ಹಾಕಿಸಿದರು, ಪಕ್ಕದ ತೋಟದಿಂದ ಮಂಚ ಹೊರಿಸಿಕೊಂಡು ಬಂದರು. ಸಂಜೆಗೆ ಒಂದು ಕಾರು ಬಂತು. ಇಳಿದೋರು ಗಂಡ ಹೆಂಡತಿ ಇಬ್ಬರು. ಇಬ್ಬರೂ ಕೋಳಿ ಮುಟ್ಟೋರಲ್ಲ.

ಏನಾಯ್ತು ನೋಡ್ಕೊಂಡು ಬಾ ಅಂತ ನನ್ನನ್ನ ಬಸ್ ಹತ್ತಿಸಿದರು. ಬೇಲೂರು ದಾಟಿ ಆ ದಾರಿಯಲ್ಲೇ ಕೂತು ಒತ್ತಿದೆ. ನೆಟ್‌ವರ್ಕು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒತ್ತಿದರೆ ಪರದೆ ಸುಮ್ಮನೆ ನನ್ನ ಮುಖ ನೋಡ್ತದೆ. ಮತ್ತೆ ಒತ್ತಿದೆ. ಆ ಕಡೆಯಿಂದ ರಮ್ಯ ಫೋನು ಮಾಡಿ, "ಅಜ್ಜಿ, ಒಂದೇ ಸಲ ಒತ್ತಬೇಕು" ಅಂದಳು.

"ಒತ್ತಿದ್ದು ಕೇಳಿಸ್ತು ಅಂತ ಅದು ಹೂಂಗುಟ್ಟಬೇಡ್ವೇನೇ? ಬಾಗಿಲು ತಟ್ಟಿದ್ರೆ ಒಳಗಿಂದ ಯಾರು ಅನ್ನೋಗಂಟ ತಟ್ಟೋದೇಯ."

ಆ ಕಾರಿನ ಮನುಷ್ಯನೂ ಹಾಗೇ ಐದು ಸಲ ತಟ್ಟಿದ್ದ. ಒಂದು ಸಲ ಒತ್ತಿದ ಮೇಲೆ ಗುಂಡಿ ಬಣ್ಣ ಕಳ್ಕೊಂಡು "ಸ್ವಲ್ಪ ತಾಳಿ" ಅನ್ನೋ ಹಾಗೆ ರಮ್ಯ ಮಾಡಿದಳು. ಗೌಡರು ಮಾತ್ರ ಆ ಕಡುಬನ್ನ ಮರೆಯಲಿಲ್ಲ. ಹೋದಾಗಲೆಲ್ಲ, "ಐದು ಸಂಸಾರದೋಳು ಬಂದ್ಲು, ಎಲೆ ಹಾಕ್ರಪ್ಪ" ಅಂತಿದ್ದರು.

ಹಳೇಬೀಡಿನಲ್ಲಿ ಪದ್ಮರಾಜಯ್ಯ ಅಂತ ಒಬ್ಬರು, ಬಸದಿ ಕಡೆ ಹೋಗೋ ರಸ್ತೆಯಲ್ಲಿ ಬೇಳೆಕಾಳು ವ್ಯಾಪಾರ. ಅಷ್ಟು ಹೊತ್ತಿಗೆ ವೆಬ್‌ಸೈಟಿನ ಬಾಗಿಲಲ್ಲೇ ಒಂದು ಡಬ್ಬಿ ಬರೋದು ಶುರುವಾಗಿತ್ತು, ನೀವು ಏನೇನು ನೋಡ್ತೀರಿ ಅಂತ ಗುರುತು ಹಾಕ್ಕೊಳ್ಳಬಹುದಾ, ಒಪ್ಪಿಗೆಯಾ ಬೇಡವಾ ಅಂತ ಕೇಳೋದು. ನಾನು "ಬೇಡ" ಒತ್ತಿದೆ. ರಮ್ಯ, "ಬಂತು ಅಜ್ಜಿ" ಅಂದಳು. ಬೇಡ ಅಂದಿದ್ದೂ ಬಂತಾ ಅಂತ ಕೇಳಿದೆ. ಕಿರಣ್ ಸಾರ್ ನಕ್ಕುಬಿಟ್ಟರು. ಯಾರೂ ಬೇಡ ಅನ್ನೋಲ್ಲ ಸಿದ್ದಮ್ಮ, ಅದು ಚೆಂದಕ್ಕೆ ಇಟ್ಟಿರೋದು ಅಂದರು. ಇದನ್ನೇ ಹೋಗಿ ಪದ್ಮರಾಜಯ್ಯನವರ ಮುಂದೆಯೂ ಹೇಳಿದರು, ಜಾಣತನ ಅಂದ್ಕೊಂಡು.

ಅವರು ಹೊತ್ತು ಮುಳುಗೋದ್ರೊಳಗೆ ಉಣ್ಣೋ ಜನ. ಊಟಕ್ಕೆ ಏಳೋಕೆ ಮುಂಚೆ ಒಂದೇ ಮಾತು ಅಂದರು. "ಕೊಡದೇ ಇದ್ದದ್ದನ್ನ ತಗೊಳ್ಳೋದಕ್ಕೆ ನಮ್ಮಲ್ಲಿ ಒಂದೇ ಹೆಸರು ಕಣ್ರೀ. ಚೆಂದಕ್ಕೆ ಬೇರೆ ಹೆಸರಿಲ್ಲ." ಬೇಡ ಅಂದೋರ ಗುರುತು ಹಿಡಿಯೋ ಹಾಗಿದ್ದರೆ ನನಗೆ ಈ ಫೋನಿನ ಅಂಗಡಿಯೇ ಬೇಡ ಅಂದು ಒಳಗೆ ಹೋದರು. ಅದನ್ನ ನಿಲ್ಲಿಸೋಕೆ ಆಗೋಲ್ಲ ಅಂತ ಕಿರಣ್ ಸಾರ್ ರಮ್ಯಂಗೆ ವರ್ಷದಿಂದ ಹೇಳ್ತಿದ್ದದ್ದು ಮಾರನೇ ದಿನವೇ ಆಯ್ತು. ಆಗೋಲ್ಲ ಅನ್ನೋದು ಕಂಪ್ಯೂಟರಿನ ಮಾತಲ್ಲ, ಸಾಹೇಬರ ಮಾತು.

ಆಮೇಲೆ ಎಣಿಸೋ ಪದ್ಧತಿಯೇ ಬದಲಾಯ್ತು. ಹಳೇದು ಮುಚ್ಚಿತು, ಹೊಸದು ಬಂತು. ಹಳೇದರಲ್ಲಿ ಯಾವ ಪುಟಕ್ಕೆ ಬಂದ್ರು ಅನ್ನೋದೇ ಮುಖ್ಯ. ಹೊಸದರಲ್ಲಿ ಮುಟ್ಟಿದ್ದು, ಜಾರಿಸಿದ್ದು, ಒತ್ತಿದ್ದು ಒಂದೊಂದಕ್ಕೂ ನಾವೇ ಹೆಸರಿಟ್ಟು ಎಣಿಸಬಹುದು. ರಮ್ಯ ಹಗಲೆಲ್ಲ ಕೂತು ಒಂದೊಂದೇ ಗಿರಾಕಿಯ ಅಂಗಡಿಯನ್ನ ಹಳೇದರಿಂದ ಹೊಸದಕ್ಕೆ ದಾಟಿಸಿದಳು. ಹೆಸರಿಡೋದನ್ನ ಮಾತ್ರ ಕಿರಣ್ ಸಾರ್ ಬಿಟ್ಟುಕೊಡಲಿಲ್ಲ. ತೊಟ್ಟಿಲು ತೂಗೋರು ಒಬ್ಬರು, ನಾಮಕರಣ ಮಾಡೋರು ಇನ್ನೊಬ್ಬರು. ನಮ್ಮ ಗಿರಾಕಿಗಳು ಸುಮಾರು ಜನ ಫೋನ್ ಮೇಲೆ ವ್ಯಾಪಾರ ಮಾಡೋರು. ಪುಟದಲ್ಲಿ "ಫೋನ್ ಮಾಡಿ" ಅನ್ನೋ ಗುಂಡಿ ಇರ್ತದೆ, ಒತ್ತಿದರೆ ಅಂಗಡಿ ನಂಬರು ಎದ್ದು ಬರ್ತದೆ. ಆ ಗುಂಡಿ ಒತ್ತಿದ್ದಕ್ಕೆ ಕಿರಣ್ ಸಾರ್ ಇಟ್ಟ ಹೆಸರು "ಆರ್ಡರ್".

"ಸಾರ್, ಒತ್ತಿದ್ದು ಬೇರೆ, ಕೊಂಡಿದ್ದು ಬೇರೆ ಅಲ್ವಾ? ಸಂತೇಲಿ ಕೊಬ್ಬರಿ ಮುಟ್ಟಿ ನೋಡಿದೋರೆಲ್ಲ ಕೊಂಡೋರಾ?" ಅಂದೆ.

"ಸಿದ್ದಮ್ಮ, ನೀವು ಒತ್ತಿ ಸಾಕು" ಅಂದರು.

ಒತ್ತಿದೆ. ಆ ಒಂದು ಹೆಸರಿಗೆ ಒಬ್ಬಳು ಹೆಂಗಸಿನ ಮರ್ಯಾದೆ ಹೋಗೋದ್ರಲ್ಲಿತ್ತು. ನಾನು ಹೇಳೋಕೆ ಕೂತಿದ್ದೇ ಆ ಕತೆಗೆ. ಉಳಿದದ್ದು ಬಾಯಿ ಚಪಲ.

ಪೇಟೆ ಬೀದಿಯಲ್ಲಿ ರುದ್ರಪ್ಪನವರದು ಕೊಬ್ಬರಿ, ಎಣ್ಣೆ, ಕೊಬ್ಬರಿ ಮಿಠಾಯಿ ವ್ಯಾಪಾರ. ಅಜ್ಜನ ಕಾಲದ ಅಂಗಡಿ, ಹಣೆ ತುಂಬ ವಿಭೂತಿ, ಮಠಕ್ಕೆ ನಡ್ಕೊಳ್ಳೋ ಮನೆತನ. ಅವರಲ್ಲಿ ಫೋನು ಎತ್ತೋಕೆ ಅಂತಲೇ ಒಬ್ಬಳಿದ್ದಳು, ಮಂಜಮ್ಮ. ಮಾಲೇಕಲ್ಲು ಕಡೆಯೋಳು. ದರ ಕೇಳಿದರೆ ತಟ್ ಅಂತ ಹೇಳ್ತಾಳೆ, ಅಡ್ರೆಸ್ ಬರ್ಕೊಳ್ತಾಳೆ, ಪೊಟ್ಟಣ ಕಟ್ಟಿಸಿ ಕಳಿಸ್ತಾಳೆ.

ಹೊಸ ಎಣಿಕೆ ಶುರುವಾದ ಮೇಲೆ ರುದ್ರಪ್ಪನವರ ವೆಬ್‌ಸೈಟಿನಲ್ಲಿ ಬೆಳಗ್ಗೆ ಬೆಳಗ್ಗೆ ಎಣಿಕೆ ತೋರಿಸೋ ಗೆರೆ ಮಾಲೇಕಲ್ಲು ಬೆಟ್ಟದ ಹಾಗೆ ಏಳೋದು. ಅಷ್ಟೂ "ಆರ್ಡರ್". ಆಮೇಲೆ ದಿನವಿಡೀ ಹೆಚ್ಚೂಕಮ್ಮಿ ಬಯಲು. ಕಿರಣ್ ಸಾರ್ ಅದನ್ನ ಬಣ್ಣದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ಹೊಸ ಗಿರಾಕಿ ಬಂದರೆ ಮೊದಲು ಆ ಬೆಟ್ಟದ ದರ್ಶನ, ಆಮೇಲೆ ಮಾತು. ರುದ್ರಪ್ಪನವರೂ ಬಂದು ನೋಡಿ ಹಿಗ್ಗಿದರು. ಮನೆಗೆ ಹೋಗೋ ದಾರಿಯಲ್ಲಿ ಹಿಗ್ಗು ಇಳಿದು ಅನುಮಾನ ಹತ್ತಿತು. ಇಷ್ಟು ಜನ ಬೆಳಗ್ಗೆ ಆರ್ಡರ್ ಕೊಡ್ತಾರೆ, ಹಂಗಾದ್ರೆ ಸರಕು ಯಾಕೆ ಅಂಗಡಿಯಲ್ಲೇ ಕೂತಿದೆ?

ಮಂಜಮ್ಮನ್ನ ಕೇಳಿದರು. ಬೆಳಗ್ಗೆ ಹೊತ್ತು ಫೋನೇ ಬರೋಲ್ಲ ಯಜಮಾನ್ರೆ ಅಂದಳು. ಗೆರೆ ಬೆಟ್ಟ ತೋರಿಸ್ತದೆ, ಹೆಂಗಸು ಇಲ್ಲ ಅಂತಾಳೆ. ಗೆರೆಯನ್ನ ಕಂಪ್ಯೂಟರ್ ಬರೆದಿದ್ದು, ಅದಕ್ಕೆ ಸುಳ್ಳು ಹೇಳೋಕೆ ಬರೋಲ್ಲ ಅಂತ ಕಿರಣ್ ಸಾರ್ ಬೇರೆ ಸೇರಿಸಿದರು. ಮಂಜಮ್ಮನ ತಮ್ಮ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ಎಣ್ಣೆ ಅಂಗಡಿ ಇಟ್ಟಿದ್ದ. ಅಲ್ಲಿಗೆ ಮುಗೀತು. ಬಂದ ಗಿರಾಕಿಗಳನ್ನ ತಮ್ಮನ ಕಡೆ ತಿರುಗಿಸ್ತಾಳೆ ಅಂತ ಬೀದಿಯೆಲ್ಲ ಗುಸುಗುಸು. ಸೋಮವಾರದೊಳಗೆ ನಿಜ ಹೇಳು, ಇಲ್ಲ ಫೋನು ಇಟ್ಟು ಹೊರಡು ಅಂದರು ರುದ್ರಪ್ಪನವರು.

ಅವಳು ನಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. ಅಳಲಿಲ್ಲ, ಅದು ನನಗೆ ಹಿಡಿಸಿತು.

"ಕೆಲ್ಸ ಹೋದ್ರೆ ಹೋಗ್ಲಿ ಸಿದ್ದಕ್ಕ. ಕಳ್ಳಿ ಅನ್ನಿಸ್ಕೊಂಡು ಹೋದ್ರೆ ಈ ಬೀದೀಲಿ ಇನ್ನು ಯಾರ ಗಲ್ಲಾ ಹತ್ರ ನಿಲ್ಲಿಸ್ಕೊತಾರೆ?"

ಯಾರೂ ನಿಲ್ಲಿಸ್ಕೊಳ್ಳೋಲ್ಲ ಅಂತ ನನಗೂ ಗೊತ್ತಿತ್ತು. ಟೀ ಕೊಟ್ಟೆ. ಸಮಾಧಾನ ಹೇಳೋದು ನನಗೆ ಬರೋಲ್ಲ.

ರಮ್ಯಂಗೆ ಹೇಳಿದೆ. ಗುಂಡಿ ಕೆಟ್ಟಿದೆಯಾ ಅಂತ ಮೊದಲು ನೋಡಿದ್ವಿ. ಬೇರೆ ಬೇರೆ ಫೋನು ತಗೊಂಡು ಒತ್ತಿದೆ. ಒತ್ತಿದ ಕೂಡಲೆ ನಂಬರು ಎದ್ದು ಬಂತು, ಮಂಜಮ್ಮ ಎತ್ತಿದಳು, ರಮ್ಯ "ಬಂತು ಅಜ್ಜಿ" ಅಂದಳು. ಬಿಕ್ಕೋಡಿನ ಹಾಗೆ ಒಂದು ಒತ್ತು ಐದಾಗಿ ಎಣಿಸ್ತಿದೆಯಾ ಅಂತ ನೋಡಿದ್ವಿ. ಅದೂ ಇಲ್ಲ. ಎಣಿಕೆ ನೆಟ್ಟಗೇ ಇತ್ತು. ಎಣಿಕೆ ನೆಟ್ಟಗಿದ್ದು ನಡೆದದ್ದು ನೆಟ್ಟಗಿಲ್ಲ ಅನ್ನೋದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟ ರೋಗ.

ಇನ್ನು ಉಳಿದದ್ದು ಅಂಗಡಿಗೇ ಹೋಗಿ ಕೂರೋದು. ಬಾಗಿಲು ತೆಗೆಯೋ ಹೊತ್ತಿಗೆ ಹೋದೆ. ಗುಂಡಿ ಪರೀಕ್ಷೆಗೆ ಬಂದಿದೀನಿ ಅಂದೆ. ರುದ್ರಪ್ಪನವರು ಮೂಟೆ ಮೇಲೆ ಕೂರಿಸಿದರು. ಮಂಜಮ್ಮ ಮೂಲೆಯಲ್ಲಿ ಫೋನು ಎದುರಿಗಿಟ್ಟುಕೊಂಡು ಕಲ್ಲಾಗಿದ್ದಳು. ಅವರು ತಕ್ಕಡಿಗೆ ವಿಭೂತಿ ಹಚ್ಚಿದರು, ಗಲ್ಲಾ ಪೆಟ್ಟಿಗೆಗೆ ಹೂವಿಟ್ಟರು, ಊದುಬತ್ತಿ ಬೆಳಗಿದರು. ಆಮೇಲೆ ಜೇಬಿಂದ ತಮ್ಮ ಸ್ವಂತ ಫೋನು ತೆಗೆದು ಅದರ ಹಣೆಗೂ ಮೂರು ಗೆರೆ ಎಳೆದು, ವೆಬ್‌ಸೈಟು ತೆರೆದು, ಕಣ್ಣು ಮುಚ್ಚಿ ಆ ಗುಂಡಿ ಒತ್ತಿದರು. ನಂಬರು ಎದ್ದು ಬಂತು. ರಿಂಗಾಗೋ ಮುಂಚೆ ಕತ್ತರಿಸಿದರು.

"ಏನು ಮಾಡಿದ್ರಿ ಯಜಮಾನ್ರೆ?"

"ಬೋಣಿ" ಅಂದರು. "ಹೊರಗಿನ ಅಂಗಡೀಗೆ ಬೋಣಿ ಮಾಡೀವಿ, ಒಳಗಿನ ಅಂಗಡೀಗೆ ಬೇಡ್ವಾ? ಈಗ ನೋಡು." ಕುಟುಂಬದವರ ವಾಟ್ಸಾಪ್ ಗುಂಪಿಗೆ ಶಿವಲಿಂಗದ ಚಿತ್ರ ಹಾಕಿ, ಕೆಳಗೆ ವೆಬ್‌ಸೈಟಿನ ವಿಳಾಸ ಹಾಕಿದರು. ಕಡೂರಿನ ಮಗಳು, ತಿಪಟೂರಿನ ಅಳಿಯ, ಅಣ್ಣತಮ್ಮಂದಿರ ಮಕ್ಕಳು, ಬೀಗರು, ಬೀಗರ ಬೀಗರು. ಎಲ್ಲರೂ ಒಂದೊಂದು ಸಲ ಒತ್ತಿ ಕತ್ತರಿಸಿ, ಕೈ ಮುಗಿಯೋ ಚಿತ್ರ ಕಳಿಸ್ತಾ ಹೋದರು. ಮಂಜಮ್ಮನಿಗೆ ತೊಂದರೆ ಆಗಬಾರದು ಅಂತ ರಿಂಗಾಗೋಕೆ ಬಿಡ್ತಿರಲಿಲ್ಲವಂತೆ. ಅಷ್ಟು ಒಳ್ಳೆ ಜನ.

"ಬಾ ಸಿದ್ದಮ್ಮ, ನಿಂದೂ ಒಳ್ಳೆ ಕೈ. ಒಂದ್ಸಲ ಒತ್ತು" ಅಂದರು.

ಮುಚ್ಚುಮರೆ ಏನೂ ಇರಲಿಲ್ಲ ನೋಡಿ. ಬೋಣಿಗೂ ಬೆಟ್ಟಕ್ಕೂ ಸಂಬಂಧ ಇದೆ ಅಂತ ಆ ಮನುಷ್ಯನ ತಲೆಗೆ ಹೊಳೆದೇ ಇರಲಿಲ್ಲ. ಮೂಲೆಯಲ್ಲಿದ್ದ ಮಂಜಮ್ಮನಿಗೂ ಇಲ್ಲ. ದಿನಾ ನೋಡೋ ಊದುಬತ್ತಿಯನ್ನ ಯಾರು ಸಾಕ್ಷಿ ಅಂತ ಕರೀತಾರೆ?

ಓಡಿ ಬಂದು ರಮ್ಯಂಗೆ ಹೇಳಿದರೆ ಅವಳು ತಲೆ ತಗ್ಗಿಸಿದಳು. ಅವಳಿಗೆ ಮೊದಲೇ ಅನುಮಾನ ಇತ್ತಂತೆ. ಬಂದೋರು ಯಾರೂ ದರ ನೋಡೋಲ್ಲ, ಸರಕು ನೋಡೋಲ್ಲ, ಬಂದ ತಕ್ಷಣ ಒತ್ತಿ ಹೊರಡ್ತಾರೆ ಅಂತ ಕಿರಣ್ ಸಾರ್‌ಗೆ ಹೇಳಿಯೂ ಇದ್ದಳಂತೆ. ದರ ಕೇಳದೆ ಕೊಬ್ಬರಿ ಕೊಳ್ಳೋ ಜಾತಿ ಇನ್ನೂ ಅರಸೀಕೆರೆಯಲ್ಲಿ ಹುಟ್ಟಿಲ್ಲ. ಆದರೆ ಅವರು, ಆ ಬೆಟ್ಟ ನೋಡಿಯೇ ಗಿರಾಕಿ ಬರ್ತಾರೆ, ಮುಟ್ಟಬೇಡ ಅಂದಿದ್ದರಂತೆ.

"ಮಂಜಮ್ಮನ ಗತಿ?" ಅಂದೆ.

"ಅವರ ಅಂಗಡಿಯ ಒಳಗಿನ ವಿಷಯ ಅಂದ್ರು ಅಜ್ಜಿ."

ಕಲಿಯೋ ಮಕ್ಕಳೇ, ಇದನ್ನ ಗಂಟು ಹಾಕಿಟ್ಟುಕೊಳಿ. ತಪ್ಪು ಹಿಡಿಯೋದು ಈ ಕೆಲಸದಲ್ಲಿ ಕಷ್ಟವೇ ಅಲ್ಲ. ಹಿಡಿದ ತಪ್ಪು ಯಾರಿಗೆ ಅನ್ನ ಹಾಕ್ತಿದೆ ಅಂತ ತಿಳಿದ ಮೇಲೆ ಬಾಯಿ ತೆಗೆಯೋದು ಕಷ್ಟ.

ಸೋಮವಾರ ಪೂಜೆ ಮುಗಿಸಿಕೊಂಡು ರುದ್ರಪ್ಪನವರು ಆಫೀಸಿಗೆ ಬಂದರು. ಹಿಂದೆ ಮಂಜಮ್ಮ, ಕೈಯಲ್ಲಿ ಅಂಗಡಿ ಫೋನು, ಒಪ್ಪಿಸಿಬಿಡೋಕೆ ಅಂತಲೇ ತಂದಿದ್ದಳು. ಕಿರಣ್ ಸಾರ್ ಗೋಡೆಯ ಬೆಟ್ಟದ ಕೆಳಗೆ ನಿಂತು ಇಂಗ್ಲಿಷು ಬೆರೆಸಿ ಬಹಳ ಹೊತ್ತು ಮಾತಾಡಿದರು. ಒಟ್ಟು ಅರ್ಥ ಇಷ್ಟು. ಜನ ಬರ್ತಿದ್ದಾರೆ, ಫೋನಿನ ಹತ್ತಿರ ಸೋರಿಹೋಗ್ತಿದ್ದಾರೆ. ಸೋರೋ ಜಾಗವನ್ನ ಮುಚ್ಚಬೇಕು. ಸೋರೋ ಜಾಗ ಬಾಗಿಲ ಹತ್ತಿರ ನೆಲ ನೋಡ್ಕೊಂಡು ನಿಂತಿತ್ತು.

ನಾನು ಟೀ ಲೋಟ ರುದ್ರಪ್ಪನವರ ಮುಂದಿಟ್ಟೆ.

"ಯಜಮಾನ್ರೆ, ನಾಳೆ ಒಂದಿನ ಬೋಣಿ ನಿಲ್ಸಿ."

"ಏನಂದೆ?"

"ಫೋನಿಂದು. ಒಂದಿನ ನಿಲ್ಸಿ ನೋಡಿ, ಬೆಟ್ಟ ಇರ್ತದಾ ಅಂತ."

"ನಮ್ಮಜ್ಜನ ಕಾಲದಿಂದ ಬಂದದ್ದು, ನಿಲ್ಸಕ್ಕಾಗಾಕಿಲ್ಲ."

"ಹಂಗಾರೆ ಮಂಜಮ್ಮನ ಮೇಲಿನ ಮಾತು ನಿಲ್ಸಿ. ಆ ಬೆಟ್ಟ ನಿಮ್ ಬೀಗರು ಹೊತ್ತು ಹಾಕಿದ್ದು."

ಕಿರಣ್ ಸಾರ್, ಸಿದ್ದಮ್ಮನಿಗೆ ಇದೆಲ್ಲ ತಿಳಿಯೋಲ್ಲ ಅಂತ ನಗೋಕೆ ಹೋದರು. ಆಗ ರಮ್ಯ ಎದ್ದಳು. ಆ ಹುಡುಗಿ ಕುರ್ಚಿ ಸರಿಸಿದ ಸದ್ದು ಕೇಳಿದ್ದು ನನಗೆ ಅವತ್ತೇ ಮೊದಲು. ಲ್ಯಾಪ್‌ಟಾಪು ತಿರುಗಿಸಿ, ಬಂದ ಕೂಡಲೆ ಬೇರೇನೂ ನೋಡದೆ ಒತ್ತಿ ಹೋದೋರನ್ನೆಲ್ಲ ಒಂದು ಬದಿಗೆ ಸರಿಸಿದಳು. ಬೆಟ್ಟ ಕೂತುಹೋಯ್ತು. ಗೆರೆಯಲ್ಲಿ ಮಧ್ಯಾಹ್ನದ ಜಾಗದಲ್ಲಿ ಒಂದೊಂದು ಹುತ್ತದಂಥ ಉಬ್ಬು ಉಳಿಯಿತು, ಅಷ್ಟೇ.

"ಇವರು ದರ ನೋಡಿ ಒತ್ತಿದೋರು" ಅಂದಳು. "ಮಂಜಮ್ಮ ಬರ್ಕೊಂಡ ಅಡ್ರೆಸ್ ಜೊತೆ ಎಣಿಸಿ ನೋಡಿದೆ, ಇವರಿಗೆಲ್ಲ ಸರಕು ಹೋಗಿದೆ. ಸೋರಿದ್ದು ಯಾರೂ ಇಲ್ಲ ಸಾರ್."

ರುದ್ರಪ್ಪನವರು ಬಗ್ಗಿ ಆ ಹುತ್ತ ನೋಡಿದರು. ಮಂಜಮ್ಮನ ಕಡೆ ತಿರುಗಿ ತಪ್ಪಾಯ್ತು ಅಂತಾರೆ ಅಂದ್ಕೊಂಡ್ರಾ? ನೀವು ಪೇಟೆ ಬೀದಿ ಜನರನ್ನ ನೋಡಿಲ್ಲ. ಅವರಿಗೆ ನೋವಾಗಿದ್ದು ಬೇರೆಯದಕ್ಕೆ.

"ಹಂಗಾರೆ ನಮ್ ಬೋಣೀಗೆ ಲೆಕ್ಕವೇ ಇಲ್ವಾ?"

"ದೇವರ ಲೆಕ್ಕಕ್ಕೆ ಐತೆ. ವ್ಯಾಪಾರದ ಲೆಕ್ಕಕ್ಕೆ ಇಲ್ಲ" ಅಂದೆ.

ಅದು ಒಪ್ಪಿಗೆಯಾಯ್ತು. ಬೋಣಿಗೆ ಅಂತ ಪುಟದ ಮೂಲೆಯಲ್ಲಿ ದೀಪದ ಚಿತ್ರ ಹಾಕಿ ಬೇರೆ ಗುಂಡಿ ಇಡ್ತೀನಿ, ಒತ್ತಿದರೆ ಎಲ್ಲಿಗೂ ಹೋಗೋಲ್ಲ, ಯಾವುದಕ್ಕೂ ಸೇರೋಲ್ಲ ಅಂದಳು ರಮ್ಯ. ಇವತ್ತಿಗೂ ಆ ಮನೆತನ ಅದನ್ನ ಒತ್ತುತ್ತಿದೆ. ಕಿರಣ್ ಸಾರ್ ಅದಕ್ಕೂ ಒಂದು ಹೆಸರಿಟ್ಟು ಬೇರೆ ಅಂಗಡಿಯವರಿಗೆಲ್ಲ ಮಾರಿದರಂತೆ, ತಮ್ಮದೇ ಯೋಚನೆ ಅಂತ.

ರುದ್ರಪ್ಪನವರು ಎದ್ದು ಹೊರಡುವಾಗ ಮಂಜಮ್ಮ ಫೋನು ಮುಂದೆ ಹಿಡಿದಳು. ಅವರು ಮುಖ ನೋಡಲಿಲ್ಲ. "ನಂಗ್ಯಾಕೆ ಕೊಡ್ತೀಯ? ಹೊತ್ತಾಯ್ತು, ನಡಿ ಅಂಗಡೀಗೆ" ಅಂದರು. ಬೀದಿಗೆ ಕೇಳೋ ಹಾಗೆ ಅಂದರು, ಅದೊಂದು ಪುಣ್ಯ.

ನಾನು ಲೋಟ ಎತ್ತಿಕೊಂಡು ಕೆಳಗೆ ಇಳೀತಿದ್ದೆ. ಕಿರಣ್ ಸಾರ್ ಮೆಟ್ಟಿಲ ಮೇಲೆ ಹಿಡಿದರು.

"ಸಿದ್ದಮ್ಮ, ನಿಮಗೂ ವಯಸ್ಸಾಯ್ತು. ಈ ಮೆಟ್ಟಿಲು ಹತ್ತೋದು ಕಷ್ಟ."

"ಇಷ್ಟು ದಿನ ಮೆಟ್ಟಿಲು ಗಿಡ್ಡ ಇತ್ತಾ ಸಾರ್?"

ಅವರು ಫೋನಿಗೆ ಕೈ ಚಾಚಿದರು. ಹಾರ ಇಲ್ಲ, ಶಾಲು ಇಲ್ಲ. ಒತ್ತೋ ಫೋನು ವಾಪಸ್ ಕೊಟ್ಟೆ. ರಮ್ಯ ಒಬ್ಬಳು ಬಸ್ ಸ್ಟ್ಯಾಂಡಿನವರೆಗೆ ಬಂದಳು. ನಾನೂ ಕೆಲಸ ಬಿಡ್ತೀನಿ ಅಜ್ಜಿ ಅಂದಳು. ಬಿಡಬೇಡ, ಹೆಸರಿಡೋದನ್ನ ಕಿತ್ಕೋ ಅಂದೆ. ಈಗ ಅವಳೇ ಇಡ್ತಾಳಂತೆ. ಒತ್ತಿದ್ದಕ್ಕೆ ಒತ್ತಿದ್ದು ಅಂತಲೇ ಹೆಸರು.

ಫೋನು ಒಪ್ಪಿಸಿ ಬಂದ ಮಾರನೇ ದಿನ ಬೆಳಗ್ಗೆ ಎದ್ದು ಮುಖ ತೊಳೆದು, ನನ್ನ ಸ್ವಂತ ಫೋನಿನಲ್ಲಿ ರುದ್ರಪ್ಪನವರ ವೆಬ್‌ಸೈಟು ತೆರೆದೆ. ದರ ನೋಡಿದೆ. ಗುಂಡಿ ಒತ್ತಿದೆ. ಕತ್ತರಿಸಲಿಲ್ಲ. ಎರಡನೇ ರಿಂಗಿಗೆ ಮಂಜಮ್ಮ ಎತ್ತಿದಳು.

"ಎಣ್ಣೆ ದರ ಜಾಸ್ತಿಯಾಯ್ತು ಕಣೇ, ಇಳ್ಸು" ಅಂದೆ.

"ಸಿದ್ದಕ್ಕ, ಬೋಣಿ ಹೊತ್ತಲ್ಲಿ ಚೌಕಾಸಿ ಮಾಡಬ್ಯಾಡಿ."

"ಬೋಣಿ ಗಿರಾಕೀನ ಬರಿಗೈಲಿ ಕಳಿಸ್ತೀಯಾ?"

ಆ ಕಡೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಯಾರನ್ನೋ ಕೇಳಿದಳು. ರುದ್ರಪ್ಪನವರು ಗೊಣಗಿದ್ದು ಕೇಳಿಸ್ತು. ಇಳಿಸಿದರು. ಒಂದು ಸೀಸೆ ಕಟ್ಟಿಡು, ಬತ್ತೀನಿ ಅಂದು ಚಪ್ಪಲಿ ಮೆಟ್ಟಿಕೊಂಡೆ.